ಸರ್ವರ್ ಕೆಟ್ಟರೂ ಕಡತ ಸಿಗಬೇಕು

ಹೊಳಲೂರಿನ ರೈತರು ಬೆಳೆಸಾಲಕ್ಕೆಂದು ನಾಡಕಚೇರಿಯಲ್ಲಿ ಪಹಣಿ ಕೇಳಿದರೆ ಮುದ್ರಿತ ಹಾಳೆ ಕೈಗೆ ಬರುತ್ತದೆ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿತು. ಜನ ಹೀಗೆ ನೆಚ್ಚಿಕೊಂಡ ಯಾವ ದಾಖಲೆಯನ್ನೂ ಒಂದೇ ಸರ್ವರ್ ಮೇಲೆ ಬಿಡಬಾರದು. ಎರಡು ಮೂರು ಸರ್ವರ್‌ಗಳನ್ನು ಜೋಡಿಸಿ, ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವಂತೆ ಮಾಡುವುದೇ ಕ್ಲಸ್ಟರ್.

ಇಂಥ ಸರ್ವರ್‌ಗಳಿಂದ ಕಡತಗಳನ್ನು ಹಂಚಲು ಹೆಚ್ಚಾಗಿ ಬಳಸುವ ವಿಧಾನಗಳಲ್ಲಿ ಒಂದು ಎನ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ್ದು. ಇದರಿಂದ ದೂರದ ಸರ್ವರ್‌ನ ಫೋಲ್ಡರ್ ನಮ್ಮ ಕಂಪ್ಯೂಟರಿನದೇ ಎಂಬಂತೆ ತೆರೆದುಕೊಳ್ಳುತ್ತದೆ.

ಯಾರಿಗೆ ಒಳಗೆ ಬರಲು ಬಿಡಬೇಕು? ಸರ್ವರ್‌ನಲ್ಲಿ ‘ಎಕ್ಸ್‌ಪೋರ್ಟ್ಸ್’ ಎಂಬ ಪಟ್ಟಿಯಿದೆ: ಯಾವ ಐಪಿ ವಿಳಾಸದವರು ಬರಬಹುದು, ಓದಬಹುದೋ ಬರೆಯಲೂಬಹುದೋ ಎಂಬುದನ್ನು ಅಲ್ಲಿ ಬರೆಯುತ್ತಾರೆ. ಈ ಪಟ್ಟಿಯನ್ನು ಹಗುರವಾಗಿ ಕಾಣಬಾರದು. ಸಾಮಾನ್ಯ ವ್ಯವಸ್ಥೆಯಲ್ಲಿ ಕ್ಲೈಂಟ್, ಅಂದರೆ ಕಡತ ಕೇಳುವ ಕಂಪ್ಯೂಟರ್, ‘ನಾನು 1001ನೇ ಸಂಖ್ಯೆಯ ಬಳಕೆದಾರ’ ಎಂದರೆ ಸರ್ವರ್ ಅದನ್ನು ಹಾಗೆಯೇ ನಂಬಿಬಿಡುತ್ತದೆ! ಕ್ಲೈಂಟ್‌ನ ‘ರೂಟ್’, ಅಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರ, ಬಂದರೆ ಮಾತ್ರ ಅವನನ್ನು ಅಧಿಕಾರವಿಲ್ಲದ ಸಾಮಾನ್ಯನಾಗಿ ಇಳಿಸುತ್ತದೆ. ಈ ರಕ್ಷಣೆಯನ್ನು ಅವಸರಕ್ಕೆ ತೆಗೆದುಹಾಕುವುದು ದೊಡ್ಡ ತಪ್ಪು. ಗುರುತನ್ನು ನಿಜವಾಗಿ ಪರೀಕ್ಷಿಸಬೇಕಿದ್ದರೆ ಕರ್ಬರೋಸ್ ಎಂಬ ದೃಢೀಕರಣ ವ್ಯವಸ್ಥೆ ಬೇಕು.

ಕ್ಲಸ್ಟರ್‌ನಲ್ಲಿ ಇನ್ನೊಂದು ತೊಡಕಿದೆ. ಕ್ಲೈಂಟ್‌ಗೆ ಯಾವುದೋ ಒಂದು ಸರ್ವರ್‌ನ ಸ್ವಂತ ವಿಳಾಸ ಕೊಟ್ಟರೆ, ಅದು ಕೆಟ್ಟಾಗ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಚಲಿಸುವ ವಿಳಾಸವೊಂದನ್ನು ಕೊಡುತ್ತಾರೆ. ಚಾಲ್ತಿಯಲ್ಲಿರುವ ಸರ್ವರ್ ಯಾವುದೋ ಆ ವಿಳಾಸ ಅದರದು. ಪ್ರವೇಶದ ಪಟ್ಟಿ ಎಲ್ಲ ಸರ್ವರ್‌ಗಳಲ್ಲೂ ಒಂದೇ ಇರಬೇಕು, ಹಂಚಿದ ಫೋಲ್ಡರಿನ ಗುರುತುಸಂಖ್ಯೆಯೂ ಒಂದೇ ಇರಬೇಕು. ಸಂಖ್ಯೆ ಬದಲಾದರೆ ಕಡತ ಇದ್ದಲ್ಲೇ ಇದ್ದರೂ ಕ್ಲೈಂಟ್‌ಗೆ ಸಿಗದು.

ಕೆಲಸ ಕೈಬದಲಾಗುವಾಗ ಕ್ಲೈಂಟ್ ಏನು ಮಾಡಬೇಕು? ‘ಸಾಫ್ಟ್’ ಎಂದು ಹೊಂದಿಸಿದರೆ ಕೆಲವು ಬಾರಿ ಕೇಳಿ ಕೈಬಿಡುತ್ತದೆ, ಬರೆಯುತ್ತಿದ್ದ ಕಡತ ಅರೆಬರೆಯಾಗಬಹುದು. ‘ಹಾರ್ಡ್’ ಎಂದಿದ್ದರೆ ಉತ್ತರ ಬರುವವರೆಗೂ ಕಾಯುತ್ತದೆ. ಜಮೀನಿನ ದಾಖಲೆಯಂಥದ್ದಕ್ಕೆ ನನ್ನ ಆಯ್ಕೆ ಕಾಯುವುದೇ. ಹೀಗೆ ಕೈಬದಲಾದ ಮೇಲೆ, ಎನ್‌ಎಫ್‌ಎಸ್‌ನ 4ನೇ ಆವೃತ್ತಿಯಲ್ಲಿ ಕಡತದ ಬೀಗಗಳನ್ನು (ಲಾಕ್) ಮರಳಿ ಪಡೆಯಲು ಹಳೆಯ ಕ್ಲೈಂಟ್‌ಗಳಿಗೆ ಲಿನಕ್ಸ್ ಸರ್ವರ್ ಸಾಮಾನ್ಯವಾಗಿ 90 ಸೆಕೆಂಡು ಅವಕಾಶ ಕೊಡುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ ಆಗಲೇಬೇಕು. ಕಚೇರಿಗೆ ರಜೆಯಿರುವ ದಿನ, ದೊಡ್ಡ ಕಡತವೊಂದು ನಕಲಾಗುತ್ತಿರುವಾಗಲೇ, ಚಾಲ್ತಿಯಲ್ಲಿರುವ ಸರ್ವರ್‌ನ ವಿದ್ಯುತ್ ತೆಗೆಯಬೇಕು. ನಕಲು ತುಸು ಹೊತ್ತು ನಿಂತು ತಾನಾಗಿ ಮುಂದುವರಿದು, ಕೊನೆಗೆ ಎರಡೂ ಪ್ರತಿಗಳು ಹೋಲಿದರೆ ವಿಳಾಸ, ಪಟ್ಟಿ, ಗುರುತುಸಂಖ್ಯೆ ಮೂರೂ ಸರಿಯಾಗಿವೆ ಎಂದರ್ಥ.