ಇಪ್ಪತ್ತೊಂದು ದಿನ ಸರಿ, 22ನೇ ದಿನ ಏನ್ಮಾಡ್ತೀರಿ?

ತುಮಕೂರಿನಲ್ಲಿ ಮಕ್ಕಳನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಕೊಡುವವರೂ ಇದ್ದಾರೆ ಎಂದರೆ ಕೆಲವರು ನಂಬಲಿಕ್ಕಿಲ್ಲ. ನಮ್ಮ ಬೀದಿಯಲ್ಲೇ ಅಂಥದೊಂದು ಮನೆ ಇದೆ. ಹತ್ತು ವರ್ಷದ ಹುಡುಗಿ, ಎಂಟು ವರ್ಷದ ಹುಡುಗ. ತಾಯಿಯೇ ಮೇಷ್ಟ್ರು. ಮುಂದೆ ಎನ್‌ಐಓಎಸ್ ಮೂಲಕ ಹತ್ತನೇ ಕ್ಲಾಸ್ ಕಟ್ಟಿಸುತ್ತಾರಂತೆ. ಅದು ಸರಿಯೋ ತಪ್ಪೋ ಎಂಬ ಪಂಚಾಯ್ತಿ ಇವತ್ತು ಬೇಡ.

ಆ ತಾಯಿ ಒಂದು ದಿನ ನಮ್ಮ ಜಗಲಿಗೆ ಬಂದು ಕೇಳಿದರು: "ಅಣ್ಣಾ, ಮಕ್ಕಳಿಗೆ ಮೊಟ್ಟೆಯಿಂದ ಮರಿ ಬರೋದು ತೋರಿಸ್ಬೇಕು. ಮಿಷನ್ನೇ ಕೊಳ್ಳೋದಾ, ಮನೇಲೇ ಮಾಡೋದಾ?"

ಕಾವು ಪೆಟ್ಟಿಗೆ ಇವತ್ತಿನದಲ್ಲ ಸ್ವಾಮಿ. ಈಜಿಪ್ಟಿನವರು ಸಾವಿರಾರು ವರ್ಷದ ಹಿಂದೆಯೇ ಮಣ್ಣಿನ ಗೂಡೊಲೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ 1749ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದ. ನಮ್ಮ ಹಳ್ಳಿಗಳಲ್ಲಿ ಮಾತ್ರ ಇವತ್ತಿಗೂ ಒಂದು ಮಂಕರಿ, ಹಿಡಿ ಹುಲ್ಲು, ಕಾವಿಗೆ ಬಂದ ಹೇಂಟೆ. ಅಷ್ಟೇ ಖರ್ಚು.

ಅಂಗಡಿ ಮಿಷನ್ ಕೆಟ್ಟದ್ದೇನಲ್ಲ. ಶಾಖ ತಾನೇ ನೋಡಿಕೊಳ್ಳುತ್ತದೆ, ಮೊಟ್ಟೆ ತಾನೇ ಹೊರಳಿಸುತ್ತದೆ. ಮಕ್ಕಳಿಗೆ ಉಳಿಯೋದು ಟಿವಿ ಮುಂದೆ ಕೂತ ಹಾಗೆ ಕೂರೋ ಕೆಲಸ! ಪಾಠಕ್ಕೆ ಅಂತಾದರೆ ಮನೆಯಲ್ಲೇ ಮಾಡಿ ಎಂದೆ.

ದಪ್ಪನೆಯ ಥರ್ಮೊಕೋಲ್ ಪೆಟ್ಟಿಗೆ ಸಾಕು. ಮುಚ್ಚಳದಲ್ಲಿ ಅಂಗೈಯಗಲ ಗಾಜು, ಪಕ್ಕದಲ್ಲಿ ಗಾಳಿಗೆ ನಾಲ್ಕಾರು ತೂತು, ಒಳಗೆ ಕಂಪ್ಯೂಟರಿನ ಹಳೇ ಫ್ಯಾನು, ತಳದಲ್ಲಿ ನೀರಿನ ಬಟ್ಟಲು, ಅದರ ಮೇಲೆ ಜಾಲರಿ. ಕಷ್ಟ ಬಂದದ್ದು ಬಲ್ಬಿಗೆ. ಮಂಡಿಪೇಟೆಯಲ್ಲಿ ಬಲ್ಬು ಅಂದರೆ ಎಲ್‌ಇಡಿ ಕೈಗಿಡುತ್ತಾರೆ. ಬೆಳಕು ಕೊಟ್ಟೀತು, ಕಾವು ಕೊಡುವಷ್ಟು ಬಿಸಿ ಕೊಡದು. ಹುಡುಕಿ ಹಳೇ ಗುಂಡು ಬಲ್ಬು ತಂದರು, 25 ವ್ಯಾಟಿನದು ಎರಡು. ಒಂದು ಸುಟ್ಟುಹೋದರೆ ಇನ್ನೊಂದಿರಲಿ ಅಂತ. ಬಲ್ಬು ಥರ್ಮೊಕೋಲಿಗೆ ತಾಗಿದರೆ ಬೆಂಕಿ ಖಂಡಿತ, ಅದಕ್ಕೆ ತಗಡಿನ ಡಬ್ಬಿ ಮುಚ್ಚಿ. ಶಾಖ ಹೆಚ್ಚಿದರೆ ಬಲ್ಬು ಆರಿಸುವ ಥರ್ಮೋಸ್ಟಾಟ್ ಬೇಕೇ ಬೇಕು. ತಂತಿ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಮಕ್ಕಳ ಕೈಲಲ್ಲ.

ಇನ್ನು ಮೊಟ್ಟೆ. ಅಂಗಡಿಯ ಫಾರಂ ಮೊಟ್ಟೆ ಇಟ್ಟು ಮೂರು ವಾರ ಕಾದರೆ ಬರೋದು ಕೊಳೆತ ನಾತ. ಆ ಫಾರಮ್ಮುಗಳಲ್ಲಿ ಹುಂಜವೇ ಇರೋದಿಲ್ಲ, ಮರಿ ಎಲ್ಲಿಂದ ಬರಬೇಕು? ಹುಂಜ ಇರುವ ಮಂದೆಯ ಮೊಟ್ಟೆ ಬೇಕು, ಇಟ್ಟು ಒಂದು ವಾರದೊಳಗಿನದು. ಹಳ್ಳಿಯಿಂದ ಸೊಪ್ಪು ಮಾರಲು ಬರುವ ಅಜ್ಜಿ 12 ನಾಟಿ ಮೊಟ್ಟೆ ತಂದುಕೊಟ್ಟಳು.

ಲೆಕ್ಕ ಹೀಗಿದೆ, ಬರೆದಿಟ್ಟುಕೊಳ್ಳಿ. ಫ್ಯಾನ್ ಇದ್ದರೆ 37.5 ಡಿಗ್ರಿ. ಇಲ್ಲದಿದ್ದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಒಂದು ಡಿಗ್ರಿ ಜಾಸ್ತಿ. ತೇವ ಮೊದಲ 18 ದಿನ ಶೇಕಡಾ 50ರಿಂದ 55, ಕೊನೆಯ ಮೂರು ದಿನ 65ರಿಂದ 70. ಪೆನ್ಸಿಲ್ಲಿನಲ್ಲಿ ಒಂದು ಕಡೆ ಗುಣಿಸು, ಇನ್ನೊಂದು ಕಡೆ ಸೊನ್ನೆ ಬರೆದು ದಿನಕ್ಕೆ ಮೂರು ಇಲ್ಲವೇ ಐದು ಸಲ ಹೊರಳಿಸಬೇಕು. ಬೆಸ ಸಂಖ್ಯೆಯಾದರೆ ದಿನಾ ರಾತ್ರಿ ಒಂದೇ ಮಗ್ಗುಲಲ್ಲಿ ಮಲಗೋದಿಲ್ಲ. 18ರ ನಂತರ ಹೊರಳಿಸಬೇಡಿ, ಮುಚ್ಚಳವನ್ನೂ ತೆಗೆಯಬೇಡಿ.

ಹುಡುಗ ದಿನಾ ತಕ್ಕಡಿ ಹಿಡಿದ. 40 ಗ್ರಾಮಿನ ಮೊಟ್ಟೆ 18ನೇ ದಿನಕ್ಕೆ 35ರ ಹತ್ತಿರ ಬರಬೇಕು, ಒಳಗಿನ ನೀರು ಆರುತ್ತದಲ್ಲ! ಹುಡುಗಿ ಏಳನೇ ರಾತ್ರಿ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದಳು. ಹತ್ತರಲ್ಲಿ ಜೇಡರ ಬಲೆಯಂಥ ರಕ್ತನಾಳ. ಎರಡು ಖಾಲಿ, ತೆಗೆದಿಟ್ಟರು. ಭಾಗಾಕಾರ, ಶೇಕಡಾ, ಜೀವಶಾಸ್ತ್ರ ಎಲ್ಲ ಒಂದೇ ಪೆಟ್ಟಿಗೆಯಲ್ಲಿ.

19ನೇ ದಿನ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯ್ತು. ಮನೆಯ ಯುಪಿಎಸ್ಸಿನ ಬ್ಯಾಟರಿ ಮುದಿ, ಸ್ವಲ್ಪ ಹೊತ್ತಿಗೇ ಕೈಕೊಟ್ಟಿತು. ಹುಡುಗಿ ಮುಚ್ಚಳ ತೆಗೆದು ನೋಡ್ತೀನಿ ಅಂತ ಅಳು. ತಾಯಿ ಬಿಡಲಿಲ್ಲ. ತೂತು ಮುಚ್ಚದ ಹಾಗೆ ಕಂಬಳಿ ಹೊದಿಸಿ, ಮಕ್ಕಳನ್ನು ಪಕ್ಕದಲ್ಲೇ ಮಲಗಿಸಿಕೊಂಡರು. ಒಂದೆರಡು ಗಂಟೆ ತಣಿದರೆ ಮೊಟ್ಟೆ ತಡಕೊಳ್ಳುತ್ತದೆ, ಹೇಂಟೆಯೂ ಮೇಯಲು ಎದ್ದು ಹೋಗುತ್ತಲ್ಲ. ಅದೇ 40 ಡಿಗ್ರಿ ದಾಟಿ ಹಾಗೇ ನಿಂತರೆ ಒಳಗೇ ಬೇಯುತ್ತದೆ.

21ನೇ ದಿನ ಆರು ಮರಿ ಹೊರಗೆ ಬಂದವು. ಒಂದು ಚಿಪ್ಪು ಒಡೆದು, ಕೊಕ್ಕು ತೋರಿಸಿ, ಅಲ್ಲೇ ನಿಂತಿತು. "ನಾನು ಬಿಡಿಸ್ತೀನಮ್ಮಾ" ಅಂದ ಹುಡುಗ. ಅವಸರಕ್ಕೆ ಕಿತ್ತರೆ ರಕ್ತ ಸುರಿದು ಸಾಯಬಹುದು ಎಂದು ತಾಯಿ ತಡೆದರು. ಬೆಳಗ್ಗೆ ಅದು ಸತ್ತಿತ್ತು. ಆ ದಿನದ ಪುಟದಲ್ಲಿ ಅವನು ತೂಕ ಬರೆಯಲಿಲ್ಲ. "ಏಳನೇದು ಬರಲಿಲ್ಲ" ಎಂದಷ್ಟೇ ಬರೆದಿದ್ದಾನೆ.

ಈಗ ನನ್ನ ಅಸಲು ಪ್ರಶ್ನೆ. ಮರುದಿನ ಏನು? ಪಿಳ್ಳೆಗಳಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಬೇಕು. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಹನಿ ಹಾಕಿಸಲು ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೀಬೇಕು. ಹೆಚ್ಚುಕಮ್ಮಿ ಅರ್ಧ ಹುಂಜ ಆಗುತ್ತವೆ. ಬೆಳಗಿನ ಜಾವ ಕೂಗಿದರೆ ಪಕ್ಕದ ಮನೆಯವರು ಸುಮ್ಮನಿರ್ತಾರಾ? ಮರಿ ಬಂದ ಮೇಲೆ ರಟ್ಟಿನ ಡಬ್ಬಿ ಹಿಡಿದು "ಯಾರಿಗಾದ್ರೂ ಬೇಕಾ" ಎಂದು ಬೀದಿ ಸುತ್ತಿದವರನ್ನು ನಾನು ಕಂಡಿದ್ದೇನೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ಕೋಳಿಮರಿ ವಿಷಯದಲ್ಲಿ ಮಾತ್ರ ಮೊದಲೇ ಹೊಲಿಸಿಬಿಡಿ.

ಈ ತಾಯಿ ಹೊಲಿಸಿದ್ದರು. ಮೊಟ್ಟೆ ತರುವ ದಿನವೇ ಅಜ್ಜಿಯ ಹತ್ತಿರ ಮಾತಾಗಿತ್ತು: ತಿಂಗಳು ಸಾಕಿ ಮರಿ ವಾಪಸ್. ಹೇಂಟೆ ಆದರೆ ಮೊಟ್ಟೆಗೆ, ಹುಂಜ ಆದರೆ ಯುಗಾದಿ ಮಾರನೆ ದಿನದ ಹೊಸತೊಡಕಿಗೆ. ಮಕ್ಕಳಿಗೂ ಮುಚ್ಚಿಡಲಿಲ್ಲ. "ಹೆಸರು ಮಾತ್ರ ಇಕ್ಕಬ್ಯಾಡ್ರಪ್ಪ" ಎಂದು ಅಜ್ಜಿ ಹೇಳಿ ಹೋಗಿದ್ದಳು.

ಹುಡುಗ ಒಂದಕ್ಕೆ ಇಟ್ಟೇಬಿಟ್ಟಿದ್ದಾನೆ. ಮೊನ್ನೆ ಮಂಕರಿ ತಂದ ಅಜ್ಜಿ ಅದನ್ನೆತ್ತಿ ಹಿಂದೆ ಮುಂದೆ ನೋಡಿದಳು. "ಜುಟ್ಟು ಕೆಂಪಾಗ್ಲಿ ಬಿಡು ಮಗಾ, ಆಮ್ಯಾಕೆ ನೋಡಾನ" ಎಂದು ಅದೊಂದನ್ನು ಅವನ ಕೈಗೇ ವಾಪಸ್ ಕೊಟ್ಟು ಹೋದಳು.