ಕಲ್ಲು ಹುಡುಕಲು ಎಷ್ಟು ವಿಕಿರಣ ಬೇಕು?

1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಮಿತ್ ಮತ್ತು ಸಂಗಡಿಗರು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರು 20 ರೋಗಿಗಳು, ಎಲ್ಲರೂ ಪಕ್ಕೆಯಲ್ಲಿ ಹಿಂಡುವ ನೋವು ಎಂದು ಬಂದವರು. ಅದುವರೆಗೆ ಕಿಡ್ನಿ ಕಲ್ಲಿನ ಪತ್ತೆಗೆ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಟ್ಟು, ಅದು ಮೂತ್ರನಾಳದಲ್ಲಿ ಇಳಿಯುವುದನ್ನು ಒಂದಾದ ಮೇಲೊಂದು ಎಕ್ಸ್‌ರೇ ತೆಗೆದು ನೋಡುತ್ತಿದ್ದರು. ನಾಳ ಕಟ್ಟಿಕೊಂಡಿದ್ದರೆ ಗಂಟೆಗಟ್ಟಲೆ ಕಾಯಬೇಕು. ಕೆಲವರ ಮೈಗೆ ಆ ಔಷಧವೇ ಒಗ್ಗುತ್ತಿರಲಿಲ್ಲ. ಸ್ಮಿತ್ ತಂಡ ಯಾವ ಔಷಧವನ್ನೂ ಕೊಡದೆ ನೇರವಾಗಿ ಸಿ.ಟಿ. ಸ್ಕ್ಯಾನ್ ಮಾಡಿತು. ಕೆಲವೇ ನಿಮಿಷಗಳಲ್ಲಿ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬುದೆಲ್ಲ ಕಣ್ಣಿಗೆ ಬಿತ್ತು. ಸಾಮಾನ್ಯ ಎಕ್ಸ್‌ರೇಗೆ ಸಿಗದೆ ತಪ್ಪಿಸಿಕೊಳ್ಳುವ ಯೂರಿಕ್ ಆಮ್ಲದ ಕಲ್ಲು ಕೂಡ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ನೋವಿನಿಂದ ಹೊರಳಾಡುವವರನ್ನು ಕಂಡ ಯಾವ ವೈದ್ಯರೂ ಇಂಥ ಪರೀಕ್ಷೆಯನ್ನು ಬೇಡವೆನ್ನಲಾರರು. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಅದು ಬಹುಬೇಗ ರೂಢಿಯಾಯಿತು. ಅದರ ಇನ್ನೊಂದು ಲೆಕ್ಕ ಹಾಕಲು ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಾಮೂಲಿ ಪ್ರಮಾಣದಲ್ಲಿ ಹೊಟ್ಟೆಯ ಸಿ.ಟಿ. ಒಮ್ಮೆ ಮಾಡಿದರೆ ಸುಮಾರು 10 ಮಿಲಿಸೀವರ್ಟ್ ವಿಕಿರಣ ಮೈಸೇರುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ತಾನಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4. ಒಂದು ಸ್ಕ್ಯಾನಿನಿಂದ ಒಬ್ಬರಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆ, ಹೆದರಬೇಕಾಗಿಲ್ಲ. ಆದರೆ ಕಿಡ್ನಿ ಕಲ್ಲು ಒಮ್ಮೆ ಬಂದು ಸುಮ್ಮನಾಗುವ ಕಾಯಿಲೆಯಲ್ಲ. ಒಮ್ಮೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಮರುಕಳಿಸುತ್ತದೆ. ಬರುವುದೂ ಎಷ್ಟೋ ಸಲ ಮೂವತ್ತು, ನಲವತ್ತರ ವಯಸ್ಸಿನಲ್ಲಿ. ಪತ್ತೆಗೊಂದು ಸ್ಕ್ಯಾನ್, ಕಲ್ಲು ಇಳಿಯಿತೇ ಎಂದು ನೋಡಲು ಮತ್ತೊಂದು, ಚಿಕಿತ್ಸೆಯ ನಂತರ ಇನ್ನೊಂದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ 108 ರೋಗಿಗಳ ಒಂದು ವರ್ಷದ ದಾಖಲೆಗಳನ್ನು ಕೂಡಿಸಿ ನೋಡಿತು. ಅವರಲ್ಲಿ ಅರ್ಧದಷ್ಟು ಮಂದಿ ಸುಮಾರು 30 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಹೆಚ್ಚು ಪಡೆದಿದ್ದರು, ಐದರಲ್ಲಿ ಒಬ್ಬರು 50ನ್ನೂ ದಾಟಿದ್ದರು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ನಡುವೆ ದುಡಿಯುವವರಿಗೆ ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು ಎನ್ನುತ್ತದೆ. ಆ ಮಿತಿ ರೋಗಿಗಳಿಗೆ ಅನ್ವಯಿಸುವುದಿಲ್ಲ, ಅವರಿಗೆ ಸ್ಕ್ಯಾನಿನಿಂದ ಪ್ರಯೋಜನವೂ ಇದೆಯಲ್ಲ. ಆದರೂ ಕಲ್ಲೊಂದಕ್ಕಾಗಿ ಇಷ್ಟು ಎಂದಾಗ ನನಗೆ ಕಸಿವಿಸಿಯಾಗುತ್ತದೆ.

ಪ್ರಯೋಜನವೆಷ್ಟು ಎಂಬುದನ್ನೂ ಲೆಕ್ಕ ಹಾಕಿದರು. 1996ರಿಂದ 2007ರವರೆಗಿನ ಅಮೆರಿಕದ ತುರ್ತು ವಿಭಾಗಗಳ ಸಮೀಕ್ಷೆಯನ್ನು ಜಾಲಾಡಿದಾಗ, ಪಕ್ಕೆ ನೋವಿಗೆ ಸಿ.ಟಿ. ಮಾಡಿಸುವುದು ಹತ್ತು ಪಟ್ಟು ಏರಿದ್ದು ಕಂಡಿತು. ಕಲ್ಲು ಪತ್ತೆಯಾದವರ ಪಾಲು ಮಾತ್ರ ಏರಿರಲಿಲ್ಲ. ಆಸ್ಪತ್ರೆಗೆ ದಾಖಲಾದವರ ಪಾಲೂ ಇದ್ದಂತೆಯೇ ಇತ್ತು.

ಹಾಗಾದರೆ ಮೊದಲು ಅಲ್ಟ್ರಾಸೌಂಡ್ ಮಾಡಿದರೆ ಸಾಲದೇ? ಶಬ್ದತರಂಗಗಳಿಂದ ಚಿತ್ರ ತೆಗೆಯುವ ಅದರಲ್ಲಿ ವಿಕಿರಣವೇ ಇಲ್ಲ. ಆದರೆ ಕಲ್ಲೆಂದುಕೊಂಡ ನೋವು ಅಪೆಂಡಿಕ್ಸ್‌ನದೋ ಉಬ್ಬಿದ ಮಹಾಪಧಮನಿಯದೋ ಆಗಿದ್ದು, ಅದು ಕೈತಪ್ಪಿದರೆ ಜೀವಕ್ಕೇ ಅಪಾಯ. ಈ ಭಯವನ್ನು ವಾದದಿಂದ ನಿವಾರಿಸಲು ಬರುವುದಿಲ್ಲ, ಪರೀಕ್ಷಿಸಿಯೇ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೆಬೆಕ್ಕಾ ಸ್ಮಿತ್-ಬಿಂಡ್‌ಮನ್ ನೇತೃತ್ವದಲ್ಲಿ 15 ಆಸ್ಪತ್ರೆಗಳು ಇದಕ್ಕೆ ಕೈಹಾಕಿದವು. 2011ರಿಂದ 2013ರವರೆಗೆ 2,759 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ತುರ್ತು ವಿಭಾಗದ ವೈದ್ಯರೇ ಹಾಸಿಗೆಯ ಬಳಿ ಅಲ್ಟ್ರಾಸೌಂಡ್ ಮಾಡಿದರು, ಇನ್ನೊಂದಕ್ಕೆ ರೇಡಿಯಾಲಜಿ ವಿಭಾಗದವರು ಮಾಡಿದರು, ಮೂರನೆಯದಕ್ಕೆ ಸಿ.ಟಿ. ಈ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಮೊದಲ ಪರೀಕ್ಷೆ ಯಾವುದು ಎಂಬುದಷ್ಟೇ ನಿಗದಿಯಾಗಿತ್ತು. ಮುಂದೇನು ಎಂಬುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಅನುಮಾನ ಉಳಿದರೆ ಸಿ.ಟಿ.ಗೆ ಕಳಿಸಬಹುದಿತ್ತು.

2014ರಲ್ಲಿ ಫಲಿತಾಂಶ ಹೊರಬಂತು. ಕಲ್ಲನ್ನು ಕಾಣುವುದರಲ್ಲಿ ಅಲ್ಟ್ರಾಸೌಂಡ್ ಹಿಂದೆಯೇ ಬಿದ್ದಿತ್ತು. ಕಲ್ಲಿದ್ದವರಲ್ಲಿ ಸಿ.ಟಿ. 88 ಶೇಕಡ ಮಂದಿಯನ್ನು ಗುರುತಿಸಿದರೆ, ಅಲ್ಟ್ರಾಸೌಂಡ್ ಗುರುತಿಸಿದ್ದು 54ರಿಂದ 57 ಶೇಕಡ. ಆದರೆ ರೋಗಿಗಳ ಗತಿ ಏನಾಯಿತು ಎಂದು ಆರು ತಿಂಗಳು ಬೆನ್ನುಹತ್ತಿ ನೋಡಿದಾಗ ಮೂರೂ ಗುಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪಾಯಕಾರಿ ಕಾಯಿಲೆ ಕಣ್ತಪ್ಪಿ ತೊಂದರೆಯಾದದ್ದು ಒಟ್ಟಾರೆ 0.4 ಶೇಕಡ, ಅದೂ ಗುಂಪಿನಿಂದ ಗುಂಪಿಗೆ ಹೆಚ್ಚುಕಡಿಮೆ ಇಲ್ಲ. ಆರು ತಿಂಗಳಲ್ಲಿ ಮೈಸೇರಿದ ವಿಕಿರಣ ಸಿ.ಟಿ. ಗುಂಪಿನಲ್ಲಿ ಸರಾಸರಿ 17.2 ಮಿಲಿಸೀವರ್ಟ್, ಉಳಿದೆರಡರಲ್ಲಿ 10.1 ಮತ್ತು 9.3. ಅಲ್ಟ್ರಾಸೌಂಡಿನಿಂದ ಶುರುವಾದವರಲ್ಲಿ ಹೆಚ್ಚಿನವರಿಗೆ ಆಮೇಲೂ ಸಿ.ಟಿ. ಬೇಕಾಗಲಿಲ್ಲ.

ಅರ್ಧದಷ್ಟು ಕಲ್ಲು ಕಾಣದೇ ಹೋದರೂ ಹಾನಿ ಏಕಾಗಲಿಲ್ಲ? ಸಣ್ಣ ಕಲ್ಲುಗಳು ಹೆಚ್ಚಾಗಿ ತಾವಾಗಿಯೇ ಇಳಿದು ಹೋಗುತ್ತವೆ. ಅವು ಕಂಡರೂ ಕಾಣದಿದ್ದರೂ ಕೊಡುವುದು ನೋವಿನ ಮದ್ದು, ಹೇಳುವುದು ಕಾಯಿರಿ ಎಂದು. ದೊಡ್ಡ ಕಲ್ಲು ಅಡ್ಡ ಸಿಕ್ಕು ಮೂತ್ರ ಹಿಂದಕ್ಕೆ ನಿಂತರೆ ಕಿಡ್ನಿ ಊದಿಕೊಳ್ಳುತ್ತದೆ, ಅಲ್ಟ್ರಾಸೌಂಡ್ ಅದನ್ನು ಚೆನ್ನಾಗಿಯೇ ತೋರಿಸುತ್ತದೆ.

ಸಿ.ಟಿ. ಬೇಕೇ ಬೇಕಾದವರೂ ಇದ್ದಾರೆ. ನೋವಿನ ಜತೆ ಜ್ವರ ಇರುವವರು, ಒಂದೇ ಕಿಡ್ನಿ ಇರುವವರು, ಶಸ್ತ್ರಚಿಕಿತ್ಸೆಗೆ ಹೊರಟವರು. ಅವರಿಗೂ ಪ್ರಮಾಣ ಇಳಿಸಬಹುದೆಂದು ತಿಳಿದದ್ದು ಭೌತವಿಜ್ಞಾನದ ಸರಳ ಸಂಗತಿಯಿಂದ. ಯಕೃತ್ತು, ಕರುಳುಗಳ ನವಿರು ವ್ಯತ್ಯಾಸ ಕಾಣಲು ಕಿರಣ ಹೆಚ್ಚು ಬೇಕು. ಕಲ್ಲಿನ ಸಾಂದ್ರತೆ ಸುತ್ತಲಿನ ಅಂಗಾಂಶಕ್ಕಿಂತ ತೀರಾ ಹೆಚ್ಚು. ಕಿರಣ ತಗ್ಗಿಸಿದರೆ ಚಿತ್ರ ಮಸುಕಾಗುತ್ತದೆ, ಆದರೆ ಮುಸ್ಸಂಜೆಯಲ್ಲೂ ಸಾರಿಸಿದ ಅಂಗಳದ ಬಿಳಿ ರಂಗೋಲಿ ಕಾಣುವಂತೆ ಕಲ್ಲು ಕಾಣುತ್ತಲೇ ಇರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆಯ ಪ್ರಕಾರ, 3 ಮಿಲಿಸೀವರ್ಟಿಗಿಂತ ಕಡಿಮೆ ವಿಕಿರಣದಲ್ಲೂ ನೂರಕ್ಕೆ ಸುಮಾರು 97 ಸಲ ಕಲ್ಲು ಸಿಕ್ಕಿತ್ತು. ದಪ್ಪ ಮೈಯವರಲ್ಲಿ ಮತ್ತು ತೀರಾ ಸಣ್ಣ ಕಲ್ಲುಗಳ ವಿಷಯದಲ್ಲಿ ಈ ಮಾತು ಅಷ್ಟು ಗಟ್ಟಿಯಲ್ಲ. ಇದಕ್ಕೆ ಹೊಸ ಯಂತ್ರವೇ ಬೇಕೆಂದಿಲ್ಲ, ಇರುವ ಯಂತ್ರದ ಅಳವಡಿಕೆ ಬದಲಿಸಿದರೂ ಆಗುತ್ತದೆ. ಸ್ಮಿತ್-ಬಿಂಡ್‌ಮನ್ 2009ರಲ್ಲಿ ನಾಲ್ಕು ಆಸ್ಪತ್ರೆಗಳನ್ನು ಹೋಲಿಸಿದಾಗ, ಒಂದೇ ಬಗೆಯ ಸಿ.ಟಿ.ಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ವಿಕಿರಣ ಪಡೆದ ರೋಗಿಗಳ ನಡುವೆ ಸರಾಸರಿ 13 ಪಟ್ಟು ಅಂತರ ಕಂಡಿತ್ತು.

ಕಲ್ಲು ತೆಗೆಯುವಾಗಲೂ ಎಕ್ಸ್‌ರೇ ಬೇಕು. ಶಸ್ತ್ರವೈದ್ಯರು ಕಾಲಡಿಯ ಪೆಡಲ್ ಒತ್ತಿದಷ್ಟು ಹೊತ್ತೂ ಕಿರಣ ಹರಿಯುತ್ತದೆ, ಪರದೆಯಲ್ಲಿ ಚಿತ್ರ ಮೂಡುತ್ತದೆ. ಮೂತ್ರನಾಳದೊಳಗೆ ದೂರದರ್ಶಕದಂಥ ಸಣ್ಣ ಕೊಳವೆ ತೂರಿಸಿ ಕಲ್ಲು ಒಡೆಯುವ ಚಿಕಿತ್ಸೆಯಲ್ಲಿ ಈ ಹೊತ್ತನ್ನು ಎಷ್ಟು ಇಳಿಸಬಹುದೆಂದು ಕ್ಯಾಲಿಫೋರ್ನಿಯಾದ ವೈದ್ಯರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಯಂತ್ರವನ್ನು ಸರಿಯಾದ ಜಾಗಕ್ಕೆ ತರಲು ಲೇಸರ್ ಗುರುತು ಬಳಸಿದರು, ಕಿರಣವನ್ನು ಬಿಟ್ಟುಬಿಟ್ಟು ಹರಿಸಿದರು, ಕಣ್ಣಿಗೆ ಕಾಣುವುದನ್ನೂ ಕೈಗೆ ತಾಕುವುದನ್ನೂ ಹೆಚ್ಚು ನಂಬಿದರು. ಸರಾಸರಿ 86.1 ಸೆಕೆಂಡು ಇದ್ದದ್ದು 15.5ಕ್ಕೆ ಇಳಿಯಿತು, ಚಿಕಿತ್ಸೆಯ ಫಲ ಕೆಡಲಿಲ್ಲ. ರೋಗಿ ಆ ಮೇಜಿನ ಮೇಲೆ ಮಲಗುವುದು ಒಮ್ಮೆಯೋ ಎರಡು ಸಲವೋ. ಪಕ್ಕದಲ್ಲಿ ಸೀಸದ ಏಪ್ರನ್ ತೊಟ್ಟು ನಿಲ್ಲುವ ವೈದ್ಯರು, ದಾದಿಯರು, ತಂತ್ರಜ್ಞರು ವಾರವಿಡೀ ಅಲ್ಲೇ ಇರುತ್ತಾರೆ. ಉಳಿದ ಸೆಕೆಂಡುಗಳು ಅವರಿಗೂ ಸೇರುತ್ತವೆ.