ಹಳ್ಳದ ನೀರು ಕಪ್ಪಾದ ದಿನ ಬರೆದಿಡಿ

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಫಜ್ರ್ ನಮಾಝಿಗೆ ವುಝೂ ಮಾಡಲು ನಲ್ಲಿ ತಿರುಗಿಸಿದರೆ ಕೊಳೆತ ಹಣ್ಣಿನ ಹುಳಿ ವಾಸನೆ. ನಮ್ಮ ಮಸ್ಜಿದ್‌ನ ಟ್ಯಾಂಕಿಗೆ ನೀರು ಬರುವುದು ಹಳ್ಳಕ್ಕೆ ಇಟ್ಟ ಮೋಟಾರಿನಿಂದ. ಪಕ್ಕದಲ್ಲಿದ್ದ ಹಿರಿಯರು ಕೈ ಮೂಸಿ ನೋಡಿ, "ರಾತ್ರಿ ಮೇಲಿಂದ ಪಲ್ಪರ್ ನೀರು ಬಿಟ್ಟಿದಾರೆ" ಎಂದರು. ಎಲ್ಲರೂ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹಳ್ಳ ತಿಳಿಯಾಯಿತು, ಮಾತೂ ಮುಗಿಯಿತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. ಕಾಫಿ ಕೊಯ್ಲು ಶುರುವಾದರೆ ಯಾವುದೋ ಒಂದು ಹಳ್ಳದಲ್ಲಿ ಹೀಗಾಗುತ್ತದೆ. ಎಲ್ಲರಿಗೂ ಗೊತ್ತಿರುತ್ತದೆ, ಯಾರ ಬಳಿಯೂ ಒಂದು ಸಾಲಿನ ದಾಖಲೆ ಇರುವುದಿಲ್ಲ.

ಈ ನೀರು ಏನೆಂದು ಮೊದಲು ತಿಳಿಯೋಣ. ಹಣ್ಣಾದ ಕಾಫಿಯ ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡುವಾಗ ಹೊರಬರುವ ನೀರು ಇದು. ಇದರಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಅಂಶ ತುಂಬಿರುತ್ತದೆ. ಬೇಗ ಹುಳಿಯುತ್ತದೆ, ಕಪ್ಪಾಗುತ್ತದೆ. ಹಳ್ಳ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಈ ಆಮ್ಲಜನಕದ ಬೇಡಿಕೆಯನ್ನು ಬಿಒಡಿ ಎಂದು ಅಳೆಯುತ್ತಾರೆ. ಹೊಳೆಗೆ ಬಿಡುವ ತ್ಯಾಜ್ಯ ನೀರಿಗೆ ಇರುವ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸಂಸ್ಕರಿಸದ ಪಲ್ಪಿಂಗ್ ನೀರಿನಲ್ಲಿ ಅದು ಹಲವು ಸಾವಿರ ಇರುತ್ತದೆ.

"ಕಾಫಿ ಹಣ್ಣಿನ ನೀರು ತಾನೇ, ವಿಷವಲ್ಲವಲ್ಲ" ಎನ್ನುವವರಿದ್ದಾರೆ. ಹಳ್ಳದ ನೀರನ್ನೇ ಕುಡಿಯುವ ಲೈನ್ ಮನೆಯವರ ಮುಂದೆ ಈ ಮಾತು ನಿಲ್ಲುವುದಿಲ್ಲ. ಇಂಥ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ಅದರ ಶಕ್ತಿಯೆಲ್ಲ ಈ ಕೊಳೆಯ ಮೇಲೆಯೇ ಖರ್ಚಾಗಿ, ರೋಗಾಣುಗಳನ್ನು ಕೊಲ್ಲಲು ಉಳಿಯುವುದು ಕಡಿಮೆ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ನೀರಿನಲ್ಲಿ ಕರಗಿದ ಕೊಳೆ ಹೋಗುವುದಿಲ್ಲ. ನೀರು ಕಪ್ಪಾದ ದಿನ ಕುಡಿಯಲು, ಅಡುಗೆಗೆ, ಮಗುವಿನ ಸ್ನಾನಕ್ಕೆ ಬೇರೆ ನೀರು ನೋಡಿಕೊಳ್ಳುವುದೇ ಸರಿ.

ದೂರು ಕೊಟ್ಟು ಏನಾಗುತ್ತದೆ ಎಂದು ಕೇಳುವವರಿಗೆ ಕಳಸದಲ್ಲೇ ಉತ್ತರವಿದೆ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾಗಿ ಕೇಂದ್ರ ಸರಕಾರ 1976ರಲ್ಲಿ ಕಂಪೆನಿ ಸ್ಥಾಪಿಸಿತು. ಮಳೆಗಾಲದಲ್ಲಿ ಭದ್ರಾ ನದಿ ಗಣಿಯ ಹೂಳು ಹೊತ್ತು ಕೆಂಪಾಗಿ ಹರಿಯುತ್ತಿದ್ದುದನ್ನು ಹೊಳೆ ದಡದವರು ನೋಡುತ್ತಲೇ ಇದ್ದರು. ಆದರೆ ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗುವುದಿಲ್ಲ ಎಂದು ಕೇಳಿದರೆ ಏನು ಹೇಳುವುದು? ಅಳೆದು ತೋರಿಸಬೇಕಾಯಿತು. ವಿಜ್ಞಾನಿಗಳು ನೀರಿನ ಮಾದರಿ ತೆಗೆದು ಲೆಕ್ಕ ಹಾಕಿದಾಗ, ಜಲಾನಯನದ ಶೇ. 1ಕ್ಕಿಂತ ಕಡಿಮೆ ಇದ್ದ ಗಣಿ ಮತ್ತಿತರ ಬಯಲು ಜಾಗದಿಂದ ಅರ್ಧಕ್ಕಿಂತ ಹೆಚ್ಚು ಹೂಳು ಬರುತ್ತಿದ್ದುದು ಕಂಡಿತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಅದರಿಂದ ಅನೇಕರ ಕೆಲಸ ಹೋಯಿತು, ಮಲ್ಲೇಶ್ವರದ ಟೌನ್‌ಶಿಪ್ ಖಾಲಿಯಾಯಿತು. ಆ ನೋವೂ ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಸರಕಾರಿ ಕಂಪೆನಿಯ ಎದುರು ನಿಂತದ್ದು ಸಿಟ್ಟಿನ ಭಾಷಣವಲ್ಲ, ಅಳತೆ ಮತ್ತು ದಾಖಲೆ.

ನಮ್ಮ ಹಳ್ಳಕ್ಕೆ ವಿಜ್ಞಾನಿಗಳು ಬರುವವರೆಗೆ ಕಾಯಬೇಕಾಗಿಲ್ಲ. ನೀರಿನ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡುವುದನ್ನು ಮದ್ರಸದಲ್ಲಿ ಫಿಕ್‌ಹ್ ಪಾಠದಲ್ಲೇ ನಮ್ಮ ಮಕ್ಕಳು ಕಲಿಯುತ್ತಾರೆ. ಅದೇ ಕಣ್ಣು ಸಾಕು. (ರುಚಿ ಮಾತ್ರ ನೋಡಬೇಡಿ.) ಒಂದು ನೋಟ್‌ಬುಕ್ ಇಟ್ಟು ತಾರೀಕು, ಗಂಟೆ, ಜಾಗ, ಬಣ್ಣ, ವಾಸನೆ, ನೊರೆ, ಸತ್ತ ಮೀನು ಇದ್ದರೆ ಅದನ್ನೂ ಬರೆಯಿರಿ. ನೀರು ತಿಳಿಯಾಗಿರುವ ದಿನವೂ ಬರೆಯಿರಿ, ಹೋಲಿಕೆಗೆ ಅದೇ ಆಧಾರ. ಫೋಟೋ ತೆಗೆಯುವಾಗ ಸೇತುವೆಯೋ ಮೈಲಿಗಲ್ಲೋ ಕಾಣುವಂತಿರಲಿ, ಮೊಬೈಲಿನ ಲೊಕೇಶನ್ ಆನ್ ಇರಲಿ. ಸಾರ್ವಜನಿಕ ದಾರಿಯಿಂದಲೇ ಹಳ್ಳದ ಮೇಲ್ಭಾಗಕ್ಕೆ ಹೋಗಿ ಎಲ್ಲಿಯವರೆಗೆ ನೀರು ತಿಳಿಯಾಗಿದೆ, ಎಲ್ಲಿಂದ ಕೆಟ್ಟಿದೆ ಎಂದು ನೋಡಿ. ಕೇಳದೆ ತೋಟದೊಳಗೆ ಕಾಲಿಡಬೇಡಿ. ಕಂಡದ್ದು ಬೇರೆ, ಅನುಮಾನ ಬೇರೆ. ಕಂಡದ್ದನ್ನು ಮಾತ್ರ ಬರೆಯಿರಿ. ಬಂದ ಸುದ್ದಿಯನ್ನು ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಯಾರಿಗೋ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ತೋಟದವರ ಹೆಸರು ಹಾಕಿ ವಾಟ್ಸ್‌ಆ್ಯಪ್ ಗುಂಪಿಗೆ ವಿಡಿಯೋ ಬಿಡುವ ಯುವಕರು ಇದನ್ನು ನೆನಪಿಟ್ಟರೆ ಒಳ್ಳೆಯದು. ಆ ವಿಡಿಯೋ ಹತ್ತು ಊರು ಸುತ್ತುತ್ತದೆ, ಕಚೇರಿ ಮಾತ್ರ ತಲುಪುವುದಿಲ್ಲ.

ಸಂಬಂಧಪಟ್ಟ ಕಚೇರಿ ಎಂದರೆ ಚಿಕ್ಕಮಗಳೂರಿನಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಗೊತ್ತಿದ್ದೂ ಹಳ್ಳಕ್ಕೆ, ಬಾವಿಗೆ ಕೊಳೆ ಬಿಡುವುದನ್ನು 1974ರ ಜಲ ಕಾಯಿದೆಯ 24ನೇ ಕಲಂ ನಿಷೇಧಿಸುತ್ತದೆ. ಆದರೆ ನೀವು ಬಾಟಲಿಯಲ್ಲಿ ತುಂಬಿ ತಂದ ನೀರು ಕೋರ್ಟಿನಲ್ಲಿ ಮಂಡಳಿಯ ಮಾದರಿಯಂತೆ ನಡೆಯುವುದಿಲ್ಲ. ಅಧಿಕಾರಿಯೇ ಬಂದು ನಿಯಮದಂತೆ ಮಾದರಿ ತೆಗೆದು ಸೀಲ್ ಮಾಡಬೇಕು. ಹಳ್ಳದ ಕೊಳೆ ಅರ್ಧ ದಿನದಲ್ಲಿ ಹರಿದುಹೋಗುತ್ತದೆ, ಆದ್ದರಿಂದ ನೋಡಿದ ತಕ್ಷಣ ಫೋನ್ ಮಾಡಿ, ಅಂದೇ ಲಿಖಿತ ದೂರು ಕೊಡಿ. ಒಂದು ಪ್ರತಿ ಪಂಚಾಯತ್ ಪಿಡಿಒಗೆ, ಇನ್ನೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಏನೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ದೂರಿನ ಸ್ಥಿತಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ನಿಮ್ಮೂರಲ್ಲಿ ಆ ಐವರು ಯಾರೆಂದು ಪಂಚಾಯತ್‌ನಲ್ಲಿ ವಿಚಾರಿಸಿ. ನಮ್ಮ ಸಹೋದರಿಯರೂ ಅದರಲ್ಲಿ ಸೇರಲಿ. ಕಾಡಿಗೆ ಬೆಂಕಿ, ಮರ ಕಡಿತದಂಥ ವಿಷಯಕ್ಕೆ ಅರಣ್ಯ ಇಲಾಖೆಯ 1926 ಸಂಖ್ಯೆ ಇದೆ.

ಇಷ್ಟೆಲ್ಲ ಹೇಳುವುದು ಸುಲಭ. ಲೈನ್ ಮನೆಯಲ್ಲಿರುವವನಿಗೆ ಕೂಲಿಯೂ ಸೂರೂ ತೋಟದವರದೇ. ಅವನು ಹೇಗೆ ಸಹಿ ಹಾಕುತ್ತಾನೆ? ಅವನಿಂದ ಸಹಿ ಹಾಕಿಸಬಾರದು ಎಂದೇ ನನ್ನ ಅಭಿಪ್ರಾಯ. ದೂರು ಜಮಾಅತ್ ಕಮಿಟಿಯ ಲೆಟರ್‌ಹೆಡ್‌ನಲ್ಲಿ ಹೋಗಲಿ. ಅದೇ ಹಳ್ಳದ ನೀರು ಕುಡಿಯುವ ದೇವಸ್ಥಾನ, ಚರ್ಚ್ ಸಮಿತಿಯವರೂ, ಸ್ತ್ರೀಶಕ್ತಿ ಸಂಘದವರೂ ಜೊತೆಗಿರಲಿ. ಅದಕ್ಕೂ ಮೊದಲು ಇಬ್ಬರು ಹಿರಿಯರು ಹೋಗಿ ತೋಟದ ಮಾಲೀಕರ ಹತ್ತಿರ ಮಾತಾಡಿದರೆ ಎಷ್ಟೋ ಕಡೆ ಕೆಲಸ ಅಲ್ಲೇ ಮುಗಿಯುತ್ತದೆ.

ಆ ಮಾಲೀಕರಲ್ಲಿ ನಮ್ಮವರೂ ಇದ್ದಾರೆ. ಬಾಬಾಬುಡನ್‌ರು ಯಮನ್‌ನಿಂದ ಏಳು ಬೀಜ ತಂದರೆಂದು ಹೆಮ್ಮೆಯಿಂದ ಹೇಳುವ ನಾವು, ನಮ್ಮ ನಾಲ್ಕೆಕರೆಯ ಪಲ್ಪರ್‌ನ ಪೈಪು ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕು. ಸುಣ್ಣ ಹಾಕಿ ಹುಳಿ ಕಡಿಮೆ ಮಾಡಿ, ಇಂಗದಂತೆ ಹಾಸು ಹಾಕಿದ ಗುಂಡಿಗಳಲ್ಲಿ ನಿಲ್ಲಿಸಿ ಸಂಸ್ಕರಿಸುವ ಕ್ರಮವನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಸಿಪ್ಪೆಯನ್ನು ಗೊಬ್ಬರ ಮಾಡಬಹುದು. ಸ್ವಲ್ಪವೇ ಹಣ್ಣಿರುವವರು ಪಲ್ಪರ್ ಗೋಜಿಗೆ ಹೋಗದೆ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿದರೆ ಈ ನೀರಿನ ತೊಂದರೆಯೇ ಇಲ್ಲ, ಬೆಲೆ ಕಡಿಮೆ ಸಿಗುತ್ತದೆ ಅಷ್ಟೆ. ಕೋಳಿ ಅಂಗಡಿಯ ಚೀಲ, ಬಕ್ರೀದಿನ ಕುರ್ಬಾನಿಯ ತ್ಯಾಜ್ಯ ಸೇತುವೆಯಿಂದ ಕೆಳಗೆ ಬಿದ್ದದ್ದನ್ನೂ ಊರು ನೋಡಿದೆ. ಜನ ನೀರು ತೆಗೆಯುವ ಜಾಗವನ್ನು ಹೊಲಸು ಮಾಡುವುದು ಶಾಪಕ್ಕೆ ಗುರಿಮಾಡುವ ಕೆಲಸವೆಂದು ಪ್ರವಾದಿ(ಸ) ಎಚ್ಚರಿಸಿದ್ದರು. ಆ ಮಾತಿನಲ್ಲಿ ನಮಗೆ ರಿಯಾಯಿತಿ ಇಲ್ಲ.

ನಮ್ಮ ಮಸ್ಜಿದ್‌ನಲ್ಲಿ ಈಗ ವುಝೂ ಜಾಗದ ಗೋಡೆಗೆ ಮೊಳೆ ಹೊಡೆದು ಇನ್ನೂರು ಪುಟದ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ, ದಾರದಲ್ಲಿ ಪೆನ್ನು ಕಟ್ಟಿ. ಫಜ್ರ್‌ಗೆ ಮೊದಲು ಬಂದವರು ಅಂದಿನ ನೀರು ಹೇಗಿದೆ ಎಂದು ಒಂದು ಸಾಲು ಬರೆಯಬೇಕು. ಮೊದಲ ಪುಟದಲ್ಲಿ ಹೆಚ್ಚಿನ ಸಾಲುಗಳು "ತಿಳಿ, ವಾಸನೆ ಇಲ್ಲ" ಎಂದಿವೆ. ಕೊಯ್ಲು ಇನ್ನೂ ಶುರುವಾಗಿಲ್ಲ.